ಬೈಗುಳದಲ್ಲಿ ಅರ್ಧ ಪಾಲು

ಮೂರು ವಾರಗಳಿಂದ ಅವಳ ಪಾಲಿಗೆ ನೆಟ್ಟಗಿನ ಒಂದು ಬೈಗುಳವೂ ಬಂದಿರಲಿಲ್ಲ. ಅನುಮಾನ ಹುಟ್ಟಿದ್ದೇ ಅಲ್ಲಿ.

ಹೊಸ ತಾಯಂದಿರ ಆನ್‌ಲೈನ್ ವೇದಿಕೆಯೊಂದಕ್ಕೆ ಅವಳು ಮಾಡರೇಟರ್. ಕೆಟ್ಟ ಪದ ಹಿಡಿಯುವ ಫಿಲ್ಟರ್ ತಂತ್ರಾಂಶ ತಡೆದಿಟ್ಟದ್ದನ್ನು, ಓದುಗರು ದೂರಿದ್ದನ್ನು ಓದಿ, ಉಳಿಸುವುದೋ ಅಳಿಸುವುದೋ ತೀರ್ಮಾನಿಸಬೇಕು. ದಿನಕ್ಕೆ ನಾನೂರು ಬರುತ್ತಿದ್ದ ಸಂದೇಶಗಳು ಈಗ ನೂರಕ್ಕಿಳಿದಿದ್ದವು. ಅವೂ ಎಂಥವು? ಎದೆಹಾಲು ಎಂದರೇ ಬೆಚ್ಚುವ ಫಿಲ್ಟರ್ ಹಿಡಿದಿಟ್ಟ ಪಾಪದ ಪ್ರಶ್ನೆಗಳು. ಕಡಿಮೆ ಕೆಲಸ ಮಾಡಿದ ಒಬ್ಬರನ್ನು ತಿಂಗಳ ಕೊನೆಗೆ ಕೈಬಿಡುವುದಾಗಿ ಮೇಲ್ವಿಚಾರಕಿ ಮಾಡರೇಟರುಗಳಿಗೆ ಹೇಳಿಯಾಗಿತ್ತು.

ಫಿಲ್ಟರ್ ರೂಪಿಸಿದವನು ಎದುರು ಮೇಜಿನವನು. ಆಫೀಸಿಗೆಲ್ಲ ಅವನು ‘ಜರಡಿ’. ಅವಳು ತಲೆ ಎತ್ತಿದಾಗಲೆಲ್ಲ ಅವನ ಕಣ್ಣು ಸರಕ್ಕನೆ ಪರದೆಗೆ ಮರಳುತ್ತಿತ್ತು. ಮೊದಲು ಆ ನೋಟಕ್ಕೆ ಅವಳ ಕಿವಿ ಬೆಚ್ಚಗಾಗುತ್ತಿತ್ತು. ಈಗ, ಅನ್ನಕ್ಕೆ ಕಲ್ಲು ಹಾಕುವವನ ಕಳ್ಳನೋಟ ಎನಿಸುತ್ತಿತ್ತು. ಸಂದೇಶಗಳು ಇಳಿದದ್ದೇಕೆ ಎಂದು ಅವಳು ಕೇಳಿದ್ದಕ್ಕೆ, ಫಿಲ್ಟರ್ ಸುಧಾರಿಸಿದೆ ಅಷ್ಟೇ ಎಂದಿದ್ದ.

ಮನೆಯಲ್ಲಿ ಅತ್ತಿಗೆಯೂ ಕಿಚಾಯಿಸಿದಳು: “ಏನೇ, ಬೈಗುಳ ಓದ್ದೆ ಸೊರಗಿ ಹೋಗಿದೀಯ?”

ಗುರುವಾರ, ಅಳಿಸಿಹೋದ ಸಂದೇಶಗಳ ಪಟ್ಟಿಯನ್ನು ಅವಳು ತೆರೆದಳು. ಒಂದು ಕಡೆ ಕಣ್ಣು ನಿಂತಿತು: ‘ಮಗು ನಿಮ್ಮನ್ನು ಹೋಲುತ್ತಿಲ್ಲವಲ್ಲ, ಅದರ ಪುಣ್ಯ. ಒಳ್ಳೆಯದಾಗಲಿ.’ ಅಳಿಸಿದ್ದು ಫಿಲ್ಟರ್ ಎಂದೇ ದಾಖಲಾಗಿತ್ತು. ಆದರೆ ಇದರಲ್ಲಿ ಒಂದೂ ಕೆಟ್ಟ ಪದವಿಲ್ಲ. ಫಿಲ್ಟರ್‌ಗೆ ಇದು ಹಾರೈಕೆ. ಮುಳ್ಳು ಕಾಣಲು ಮನುಷ್ಯರೇ ಬೇಕು. ಸಮಯ ಮಧ್ಯಾಹ್ನ ಒಂದೂಕಾಲು. ಊಟದ ಆ ಹೊತ್ತಿನಲ್ಲಿ ಕುರ್ಚಿ ಬಿಡದವನು ಒಬ್ಬನೇ, ಜರಡಿ.

ಮರುದಿನ ಒಂದೂಕಾಲಿಗೆ ಅವಳು ಅವನ ಬೆನ್ನ ಹಿಂದೆ ನಿಂತಳು. ಪರದೆಯ ತುಂಬ ಹೊಲಸು. ಪಕ್ಕದಲ್ಲಿ ಬಿಚ್ಚದ ಊಟದ ಡಬ್ಬಿ.

“ನನ್ನ ಕೆಲಸ ಕದೀತಿದೀರಾ?”

ಅವನು ತಡವರಿಸಿದ. ಅವಳಿಗೆ ಹೋಗಬೇಕಾದ ಹೊಲಸನ್ನೆಲ್ಲ ತನ್ನತ್ತ ತಿರುಗಿಸಿಕೊಂಡದ್ದನ್ನು ಒಪ್ಪಿಕೊಂಡ. “ಅವತ್ತು ಫೋನಲ್ಲಿ ಅತ್ತಿಗೆ ಹತ್ರ ಹೇಳ್ತಿದ್ರಲ್ಲ, ಇದನ್ನ ಓದಿದ್ಮೇಲೆ ಊಟ ಸೇರಲ್ಲ ಅಂತ.”

“ನಿಮಗೆ ಸೇರ್ತಿದೆಯಾ?”

ಅವನು ಡಬ್ಬಿಯನ್ನು ಪರದೆಯ ಹಿಂದಕ್ಕೆ ಸರಿಸಿದ. ಒಬ್ಬರನ್ನು ಕೈಬಿಡುವ ವಿಷಯ ಅವಳು ಹೇಳಿದಾಗ ಮಾತ್ರ ಅವನ ಮುಖ ಬಿಳಿಚಿತು. ಕೂತಲ್ಲೇ ಮೇಲ್ವಿಚಾರಕಿಗೆ ಮೇಲ್ ಬರೆದ: ಫಿಲ್ಟರ್ ಸುಧಾರಿಸಿಲ್ಲ, ಮೂರು ವಾರ ಓದಿದ್ದು ತಾನೇ, ಅವಳಿಲ್ಲದೆ ಫಿಲ್ಟರ್ ನಡೆಯದು.

ಅವಳು ಬಗ್ಗಿ ಓದಿದಳು. “ಫಿಲ್ಟರ್ ಒಂದೇನಾ?”

ಅವನ ಬೆರಳು ನಿಂತಿತು. “ನಾನೂ.”

“ಅದನ್ನ ಮೇಲ್‌ನಲ್ಲಿ ಬರೀಬೇಡಿ.”

ಅವನು ಕಳುಹಿಸಿದ. ಅವಳು ಕುರ್ಚಿ ಎಳೆದು ಪಕ್ಕದಲ್ಲೇ ಕೂತಳು.

“ಇದರಲ್ಲಿ ಅರ್ಧ ನನ್ನ ಕಡೆ ಕಳ್ಸಿ,” ಎಂದಳು. “ಡಬ್ಬೀಲೂ ಅರ್ಧ.”