ಮುಚ್ಚಿದ ಹಗೇವು

ಸುಗ್ಗಿಯ ಸಂಭ್ರಮದಲ್ಲಿ ಬಿಳಿಗಲ್ಲುದುರ್ಗದ ರಾಜಬೀದಿ ಉಕ್ಕುತ್ತಿತ್ತು. ಸತತ ಮೂರನೆಯ ವರ್ಷವೂ ಮಳೆ ಕೈಕೊಟ್ಟಿರಲಿಲ್ಲ. ಮಹಾದ್ವಾರದಲ್ಲಿ ರಾಗಿ ಹೇರಿದ ಗಾಡಿಗಳು ಒಂದಕ್ಕೊಂದು ತಾಗಿ ನಿಂತಿದ್ದವು. ನೆರೆರಾಜ್ಯದ ಯುದ್ಧದಿಂದ ಧಾನ್ಯದ ಬೆಲೆ ಮುಮ್ಮಡಿಯಾಗಿತ್ತು. ಮಂತ್ರಿ ಸಿಂಗರಸನ ಅಂಗಳದಲ್ಲಿ ಕಾದಿದ್ದ ಪರದೇಶದ ವರ್ತಕರಿಗೆ ಗಾಡಿಗಳ ರಾಗಿ ಸಾಲದು. ಬರಗಾಲಕ್ಕೆಂದು ಕೋಟೆಯೊಳಗೆ ನೆಲದಡಿಯ ಹನ್ನೆರಡು ಹಗೇವುಗಳಲ್ಲಿ ತುಂಬಿಟ್ಟ ರಾಗಿಯೂ ಬೇಕಾಗಿತ್ತು.

ಹಗೇವುಗಳ ಅಧಿಕಾರಿ ಬೈಚಯ್ಯ ಒಪ್ಪಲಿಲ್ಲ. "ಮಂತ್ರಿವರ್ಯರೆ, ಮೂರು ವರ್ಷ ಬಂದ ಮಳೆ ನಾಲ್ಕನೆಯ ವರ್ಷಕ್ಕೆ ಮಾತು ಕೊಟ್ಟಿದೆಯೆ?"

ಸಿಂಗರಸ ನಕ್ಕು ಎದ್ದುಹೋದ. ಮೂರೇ ದಿನಗಳಲ್ಲಿ ಅರಮನೆಯ ತುಂಬ ಮಾತು ಹಬ್ಬಿತು: ಹಗೇವುಗಳು ಬರಿದಾಗಿವೆ, ಬೈಚಯ್ಯ ರಾಗಿಯನ್ನು ಕದ್ದು ಮಾರಿದ್ದಾನೆ!

ತುಂಬಿದ ಸಭೆಯಲ್ಲಿ ತರುಣ ಮಹಾರಾಜ ನೊಂದು ನುಡಿದ: "ಬೈಚಯ್ಯನವರೆ, ಹಗೇವುಗಳ ಬಾಯಿ ತೆರೆಸಿ ತೋರಿಸಿ. ಅಪವಾದ ಅಲ್ಲಿಗೆ ಮುಗಿಯಲಿ."

ಸಂಚಿನ ತಿರುಳು ಬೈಚಯ್ಯನಿಗೆ ಆಗ ಹೊಳೆಯಿತು. ಒಮ್ಮೆ ತೆರೆದ ಹಗೇವನ್ನು ಬರಿದು ಮಾಡಲೇಬೇಕು; ಗಾಳಿ ತಾಗಿದ ರಾಗಿ ಮತ್ತೆ ಮುಚ್ಚಿದರೆ ಮುಗ್ಗಿಹೋಗುತ್ತದೆ. ಹೊರಬಂದ ರಾಗಿಯೆಲ್ಲ ಸಿಂಗರಸನ ವರ್ತಕರ ಪಾಲು.

"ತೆರೆದರೆ ರಾಗಿ ಕೆಡುತ್ತದೆ, ಪ್ರಭು."

"ಕಳ್ಳನಿಗೊಂದು ಪಿಳ್ಳೆನೆವ!" ಎಂದ ಸಿಂಗರಸ. ಸಭೆ ಗೊಳ್ಳೆಂದಿತು.

ಬೈಚಯ್ಯ ಕಣ್ಣು ಮುಚ್ಚಿ ತೆರೆದ. "ತೆರೆಸುವ ಶ್ರಮವೇಕೆ ಪ್ರಭು? ಅವು ಬರಿದಾಗಿವೆ. ನಾನೇ ಮಾರಿದೆ."

ಸಿಂಗರಸನ ಮುಖ ಕಪ್ಪಿಟ್ಟಿತು. ತಾನೇ ಹಬ್ಬಿಸಿದ ಸುಳ್ಳನ್ನು ಈಗ ಯಾವ ಬಾಯಿಂದ ಅಲ್ಲಗಳೆದಾನು! ವರ್ತಕರು ಬೇರೆ ಊರಿನ ದಾರಿ ಹಿಡಿದರು. ಬೈಚಯ್ಯನನ್ನು ಗಡಿಯ ಕಾವಲುಗೋಪುರಕ್ಕೆ ಅಟ್ಟಲಾಯಿತು. ಹೆಂಡತಿ ನಾಗಲದೇವಿ ತವರಿಗೆ ಹೊರಟಳು. ಅವಳಿಗೂ ಆತ ನಿಜ ಹೇಳಲಿಲ್ಲ. ಹೇಳಿದ್ದರೆ ಆಕೆ ಗಂಡನ ಮಾನಕ್ಕಾಗಿ ಅರಮನೆಯ ಬಾಗಿಲು ಬಡಿಯುತ್ತಿದ್ದಳು.

ಗೋಪುರದ ಕಾವಲಿನವರು ಕಳ್ಳನೊಡನೆ ಮಾತಾಡುತ್ತಿರಲಿಲ್ಲ. ದಿನವಿಡೀ ಆತ ಮೋಡ ನೋಡುತ್ತಿದ್ದ. ಒಂಟಿತನ ಎದೆ ಹಿಂಡಿದಾಗ ನಾಗಲದೇವಿಗೆ ಓಲೆ ಬರೆಯಲು ಕೂರುತ್ತಿದ್ದ, ಬರೆದುದನ್ನು ಹರಿದೆಸೆಯುತ್ತಿದ್ದ.

ಗೋಪುರಕ್ಕೆ ಬಂದ ಎರಡನೆಯ ವರ್ಷ ಆರಿದ್ರೆ ಮಳೆಯೂ ಒಣಗಿತು, ಮಘೆ ಮಳೆಯೂ ಒಣಗಿತು. ಆಗ ಬೈಚಯ್ಯ ಮಹಾರಾಜನಿಗೆ ಓಲೆ ಕಳಿಸಿದ: ಹಗೇವುಗಳು ತುಂಬಿವೆ, ತೆರೆಸಿ, ಒಳಗಿನ ಗಾಳಿ ವಿಷ, ಮೊದಲು ದೀಪ ಇಳಿಬಿಟ್ಟು ನೋಡಿಯೇ ಆಳನ್ನು ಇಳಿಸಿ.

ತಿಂಗಳು ಕಳೆದು ಮಹಾರಾಜ ತಾನೇ ಗೋಪುರಕ್ಕೆ ಬಂದ. "ಸುಳ್ಳು ಹಬ್ಬಿಸಿದ ಸಿಂಗರಸ ಸೆರೆಯಲ್ಲಿದ್ದಾನೆ. ನಾಡೆಲ್ಲ ನಿಮ್ಮ ಹೆಸರು ಹೇಳಿ ಉಣ್ಣುತ್ತಿದೆ. ನಮ್ಮನ್ನು ಕ್ಷಮಿಸಬೇಕು."

"ಮುಂದಿನ ವರ್ಷಕ್ಕೆಂದು ಕೆಲವನ್ನು ಮುಚ್ಚಿಯೇ ಇಟ್ಟಿದ್ದೀರಿ ತಾನೆ?"

"ನಾಲ್ಕು ಇಟ್ಟಿದ್ದೇವೆ."

ಬೈಚಯ್ಯ ತಲೆದೂಗಿದ. ಆಮೇಲೆ ಮೆಲ್ಲಗೆ ಕೇಳಿದ: "ನನ್ನ ಹೆಂಡತಿಗೆ ಯಾರಾದರೂ ನಿಜ ತಿಳಿಸಿದ್ದಾರೆಯೆ, ಪ್ರಭು?"

ಮಹಾರಾಜ ತಲೆ ತಗ್ಗಿಸಿದ. ನಾಗಲದೇವಿ ಹಿಂದಿನ ಕಾರ್ತಿಕದಲ್ಲಿಯೇ, ಕಳ್ಳನ ಹೆಂಡತಿಯಾಗಿ, ತೀರಿಕೊಂಡಿದ್ದಳು.