ಹೆಪ್ಪು ಹಿಡಿಯದ ಹಾಲು

ಸೋಮವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ ಠಾಣೆಗೆ ಬಂದ ಅಜ್ಜಿ, ಸೆರಗಿನಡಿಯಿಂದ ಸ್ಟೀಲ್ ಡಬ್ಬಿಯೊಂದನ್ನು ತೆಗೆದು ಮೇಜಿನ ಮೇಲಿಟ್ಟರು.

"ಇದರ ಮೇಲೆ ದೂರು ಕೊಡ್ಬೇಕು."

"ಏನಮ್ಮಾ ಇದು?" ಎಂದು ಕೇಳಿದವಳು ಹೆಡ್ ಕಾನ್‌ಸ್ಟೇಬಲ್. ಠಾಣೆಯವರೆಲ್ಲ ಅವಳನ್ನು ಹೆಡ್ಡಮ್ಮ ಎಂದೇ ಕರೆಯುತ್ತಿದ್ದರು.

"ಹಾಲು. ಶುಕ್ರವಾರ ಸಂಜೆ ಹೆಪ್ಪು ಹಾಕಿದ್ದೆ."

ದೂರು ಬರೆದುಕೊಳ್ಳುವ ರೈಟರ್ ಕಿಸಕ್ಕನೆ ನಕ್ಕ. "ಮೊಸರಾಗ್ಲಿಲ್ಲ ಅಂತ ಎಫ್‌ಐಆರ್ ಹಾಕ್ಬೇಕಾ ಅಜ್ಜಿ? ಆರೋಪಿ ಯಾರು, ಹೆಪ್ಪಾ?"

"ನನ್ನ ಮೊಮ್ಮಗಳು ಆಸ್ಪತ್ರೇಲಿದಾಳಪ್ಪಾ. ಇದೇ ಹಾಲು ಕುಡಿದಿದ್ದು."

ರೈಟರ್ ಪೆನ್ನು ಕೈಗೆತ್ತಿಕೊಂಡ. ಹೆಡ್ಡಮ್ಮ ಮುಚ್ಚಳ ತೆಗೆದಳು. ಮೂರು ರಾತ್ರಿ, ಎರಡು ಹಗಲು ಬೇಸಿಗೆಯ ಸೆಕೆಯಲ್ಲಿ ನಿಂತ ಹಾಲು. ಹುಳಿ ವಾಸನೆಯಿಲ್ಲ, ಒಡೆದಿಲ್ಲ, ಒಂದು ಎಳೆ ಕೂಡ ಗಟ್ಟಿಯಾಗಿಲ್ಲ. ಈಗಷ್ಟೇ ಕರೆದಂತೆ ಬೆಳ್ಳಗೆ ಸುಮ್ಮನೆ ಕೂತಿತ್ತು. ಅವಳಿಗೆ ಯಾಕೋ ಬೆರಳದ್ದಿ ನೋಡಲು ಮನಸ್ಸಾಗಲಿಲ್ಲ.

ಹನ್ನೊಂದೂವರೆಗೆ ಎಫ್‌ಐಆರ್ ದಾಖಲಾಯಿತು. ಹನ್ನೆರಡಕ್ಕೆ ಹೆಡ್ಡಮ್ಮ ಇನ್ಸ್‌ಪೆಕ್ಟರ್ ಜೊತೆ ಆಸ್ಪತ್ರೆಗೆ ಹೋದಳು. ಹುಡುಗಿಗೆ ಆರು ವರ್ಷ. ಮೈತುಂಬಾ ದದ್ದು.

"ಗಂಟಲಿನ ಊತ ಇಳಿದಿದೆ," ಎಂದರು ಡಾಕ್ಟರು. "ಆದ್ರೆ ಶ್ವಾಸಕೋಶದಲ್ಲಿ ಸೋಂಕಿದೆ. ಈ ಸೋಂಕು ಜಗ್ಗೋದು ಎರಡೇ ಜಾತಿ ಔಷಧಿಗೆ. ಅದರಲ್ಲಿ ಒಂದು ಆ ಹಾಲಲ್ಲಿತ್ತು, ಅದು ಇವಳ ಮೈಗೆ ಒಗ್ಗದೆ ಈ ದದ್ದು, ಊತ ಬಂದಿದೆ ಅಂತ ನನ್ನ ಅನುಮಾನ. ಹಸುಗಳಿಗೂ ಅವನ್ನೇ ಕೊಡ್ತಾರೆ. ಯಾವುದು ಅಂತ ತಿಳೀದೆ ಕೊಟ್ಟು, ಅದೇ ಆಗಿಬಿಟ್ರೆ ಮಗು ಉಳಿಯಲ್ಲ."

"ಎಷ್ಟು ಹೊತ್ತು ಕಾಯ್ಬಹುದು ಸಾರ್?" ಎಂದು ಕೇಳಿದಳು ಹೆಡ್ಡಮ್ಮ.

"ನಾಳೆ ಮಧ್ಯಾಹ್ನ ಒಂದು ಗಂಟೆವರೆಗೆ."

ಹಾಲು ಪರೀಕ್ಷಿಸಲು ಪ್ರಯೋಗಾಲಯದವರು ಆರು ದಿನ ಬೇಕೆಂದರು.

ಮಧ್ಯಾಹ್ನ ಮೂರಕ್ಕೆ ಹೆಡ್ಡಮ್ಮ, ಇನ್ಸ್‌ಪೆಕ್ಟರ್ ಇಬ್ಬರೂ ಅಜ್ಜಿಯ ಬೀದಿಗೆ ಹೋದರು. ಅಜ್ಜಿಗೆ ಹಾಲು ಕೊಡುವ ಕೊಟ್ಟಿಗೆಯಿಂದ ಅಲ್ಲಿ ಇನ್ನೂ ಹನ್ನೊಂದು ಮನೆಗೆ ಹಾಲು ಬರುತ್ತಿತ್ತು. ಒಂದು ಬಾಗಿಲು ತಟ್ಟಿದ್ದೇ ತಡ, ಉಳಿದವೆಲ್ಲ ತಾವಾಗಿಯೇ ತೆರೆದುಕೊಂಡವು. ಹೆಂಗಸರು ಒಬ್ಬೊಬ್ಬರಾಗಿ ಪಾತ್ರೆ ತಂದು ಹೊಸ್ತಿಲ ಮೇಲಿಟ್ಟು ಹಿಂದೆ ಸರಿದರು. ಹನ್ನೊಂದು ಪಾತ್ರೆ, ಹನ್ನೊಂದರಲ್ಲೂ ಅಲುಗಾಡದ ಬಿಳುಪು. ಎಲ್ಲರೂ ತಮ್ಮ ಹೆಪ್ಪೇ ಕೆಟ್ಟಿದೆ ಎಂದುಕೊಂಡು ನಾಚಿ ಸುಮ್ಮನಿದ್ದವರು.

"ಅತ್ತೆ ನನ್ನ ಕೈಗುಣಾನೇ ಸರಿ ಇಲ್ಲ ಅಂದ್ರು ಮೇಡಂ," ಎಂದಳು ಒಬ್ಬ ಸೊಸೆ, ಅತ್ತೆಗೆ ಕೇಳುವಷ್ಟು ಜೋರಾಗಿ.

ಕೊಟ್ಟಿಗೆಯಲ್ಲಿ ಒಂಬತ್ತು ಹಸು. ಒಡತಿ ಬಿಗಿಯಾಗಿ ನಿಂತಳು. "ಔಷಧಿ ಕೊಟ್ಟ ಹಸುವಿನ ಹಿಂಗಾಲಿಗೆ ಕೆಂಪು ಪಟ್ಟಿ ಕಟ್ತೀವಿ. ಅದನ್ನ ಬಿಚ್ಚೋವರೆಗೂ ಆ ಹಾಲು ಚರಂಡಿಗೆ. ನೋಡ್ಕೊಳ್ಳಿ, ಯಾವ ಕಾಲಲ್ಲಾದ್ರೂ ಇದೆಯಾ?"

ಇರಲಿಲ್ಲ. ಹಾಲು ಕರೆಯುವ ಮುದುಕ ಮೂಲೆಯಲ್ಲಿ ಬಕೆಟ್ ತೊಳೆಯುತ್ತಿದ್ದ. ಮಾವ ಎಂದು ಎಲ್ಲರೂ ಕರೆಯುತ್ತಿದ್ದ ಅವನು ಕೇಳಿದ್ದಕ್ಕೆಲ್ಲ "ಗೊತ್ತಿಲ್ಲ" ಎಂದ. ಒಂಬತ್ತೂ ಹಸುಗಳು ಮೆಲುಕು ನಿಲ್ಲಿಸಿ ಅವನ ಕಡೆಗೇ ನೋಡುತ್ತಿದ್ದವು.

ಹೊರಗೆ ಬಂದ ಮೇಲೆ ಹೆಡ್ಡಮ್ಮ ಇನ್ಸ್‌ಪೆಕ್ಟರಿಗೆ ಹೇಳಿದಳು: "ಸಾರ್, ಮೊಸರು ಅನ್ನೋದು ಜೀವ ಇರೋ ಪದಾರ್ಥ. ಆ ಔಷಧಿ ಹೆಪ್ಪನ್ನೇ ಸಾಯಿಸ್ತಿದೆ. ಈ ಹೊತ್ತಿನ ಹಾಲು ಕ್ಯಾನಲ್ಲಿ ಬೆರೆತಾಯ್ತು, ಬೆಳಿಗ್ಗೆ ಒಂದೊಂದು ಹಸುವಿನ ಹಾಲಿಗೂ ಬೇರೆ ಬೇರೆಯಾಗಿ ಹೆಪ್ಪು ಹಾಕೋಣ."

"ಪಂಚನಾಮೇಲಿ ಏನಂತ ಬರೀಲಮ್ಮಾ? ಒಂದು ಚಮಚ ಮೊಸರು ಅಂತಲಾ?"

"ಹೂಂ ಸಾರ್. ನಮ್ಮನೆದೇ ತರ್ತೀನಿ. ಎಂಥಾ ಹಾಲಿದ್ರೂ ಐದು ಗಂಟೇಲಿ ಕಲ್ಲು ಮಾಡುತ್ತೆ."

ಮಂಗಳವಾರ ಬೆಳಿಗ್ಗೆ ಐದೂವರೆಗೆ ಇಬ್ಬರು ಪಂಚರ ಸಮಕ್ಷಮ ಒಂಬತ್ತು ಬಟ್ಟಲಿಗೆ ಹಾಲು ಕರೆಸಿ, ಕಾಯಿಸಿ, ಉಗುರುಬೆಚ್ಚಗಾದ ಮೇಲೆ ಹೆಪ್ಪು ಹಾಕಿ, ಸಂಖ್ಯೆ ಬರೆದು, ಸೀಲು ಮಾಡಿದರು. ಬಟ್ಟಲುಗಳನ್ನು ಠಾಣೆಗೆ ತಂದು ಕಂಬಳಿ ಹೊದಿಸಿಟ್ಟರು. ರೈಟರ್ ಗಳಿಗೆಗೊಮ್ಮೆ ಕಂಬಳಿಯ ಕಡೆ ನೋಡುತ್ತಿದ್ದ. ಅದರಡಿ ಯಾರೋ ಮಲಗಿದ್ದಾರೇನೋ ಎಂಬಂತೆ.

ಹನ್ನೊಂದು ಗಂಟೆಗೆ ಸೀಲು ಒಡೆದರು. ಮೊದಲ ಬಟ್ಟಲು ವಾಲಿಸಿದರೆ ಮೊಸರು ಕದಲಲಿಲ್ಲ. ಎರಡನೆಯದು, ಮೂರನೆಯದು, ಆರರವರೆಗೂ ಹಾಗೇ. ಏಳನೆಯದನ್ನು ವಾಲಿಸುತ್ತಲೇ ಹಾಲು ಸರ್ರನೆ ಅಂಚಿಗೆ ಹರಿದು ಹೆಡ್ಡಮ್ಮನ ಬೆರಳು ಮುಟ್ಟಿತು. ಉಳಿದೆರಡು ಬಟ್ಟಲಲ್ಲಿ ಮೊಸರು ಗಟ್ಟಿಯಾಗೇ ಇತ್ತು.

ಇನ್ಸ್‌ಪೆಕ್ಟರ್ ಜೊತೆ ಮತ್ತೆ ಕೊಟ್ಟಿಗೆಗೆ ಹೋಗಿ ಏಳನೆಯ ಹಸುವಿನ ಹಿಂಗಾಲನ್ನು ಸವರಿ ನೋಡಿದಳು. ಗೊರಸಿನ ಮೇಲೆ, ಬೆರಳಗಲದ ಬಳೆಯಂತೆ, ಕೂದಲು ಸವೆದಿತ್ತು.

"ಪಟ್ಟಿ ಯಾವಾಗ ಬಿಚ್ಚಿದೆ ಮಾವಾ?"

ಮುದುಕ ಹಸುವಿನ ಬೆನ್ನು ಸವರತೊಡಗಿದ.

"ಆಸ್ಪತ್ರೇಲಿ ಆರು ವರ್ಷದ ಮಗು ಇದೆ. ಔಷಧಿ ಹೆಸರು ತಿಳೀದೆ ಡಾಕ್ಟರು ಕೈ ಕಟ್ಟಿ ಕೂತಿದಾರೆ. ಇನ್ನು ಒಂದು ಗಂಟೆ ಇದೆ."

"ಹಾಲು ಚೆನ್ನಾಗೇ ಇತ್ತಮ್ಮಾ," ಎಂದ ಮುದುಕ. "ಗಡ್ಡೆ ಇಲ್ಲ, ಕೆಂಪಿಲ್ಲ. ಕಾಯಿಸಿದ್ರೆ ಹೋಗುತ್ತೆ ಅಂದ್ಕೊಂಡೆ."

"ಕಾಯಿಸಿದ್ರೆ ಹೋಗಲ್ಲ. ಆ ಔಷಧಿ ಎಲ್ಲಿ?"

ಅವನು ಟೋಪಿ ತೆಗೆದ. ಒಳಗೆ, ಹಣೆಯ ಬೆವರಿಗೆ ಅಂಟಿಕೊಂಡಿತ್ತು, ಕೆಚ್ಚಲಿಗೆ ಏರಿಸುವ ಔಷಧಿಯ ಖಾಲಿ ಟ್ಯೂಬ್. ಓದಲು ಬಾರದ ಅವನು ಮುಂದಿನದನ್ನು ಕೊಳ್ಳುವಾಗ ಅಂಗಡಿಯವನಿಗೆ ತೋರಿಸಲೆಂದು ಇಟ್ಟುಕೊಂಡಿದ್ದ. ಹನ್ನೆರಡೂ ಐದಕ್ಕೆ ಇನ್ಸ್‌ಪೆಕ್ಟರ್ ಅದರ ಹೆಸರನ್ನು ಫೋನಿನಲ್ಲಿ ಎರಡು ಸಲ ಓದಿ ಹೇಳಿದರು. ಹನ್ನೆರಡೂವರೆಗೆ ಮಗುವಿಗೆ ಇನ್ನೊಂದು ಜಾತಿಯ ಔಷಧಿ ಏರಿಸಿದರು. ಒಂದೂ ಹತ್ತಕ್ಕೆ ಮುದುಕನ ಬಂಧನವಾಯಿತು.

ಹೇಳಿಕೆಯಲ್ಲಿ ಅವನು ಬರೆಸಿದ್ದು ಇಷ್ಟು: ಏಳನೆಯದು ಹುಟ್ಟಿದ ದಿನವೇ ತಾಯಿ ಸತ್ತಿತ್ತು, ಬಾಟಲಿಯಲ್ಲಿ ಹಾಲೂಡಿಸಿ ಸಾಕಿದ್ದು ಅವನೇ. ಎರಡು ಸಲ ಕೆಚ್ಚಲು ಬಾವು ಬಂದು ಪಟ್ಟಿ ಬಿದ್ದಿತ್ತು. ಮೂರನೆಯ ಸಲ ಪಟ್ಟಿ ಕಂಡರೆ ಕಸಾಯಿಗೆ ಎಂದಿದ್ದಳು ಒಡತಿ. ಮತ್ತೆ ಬಾವು ಬಂದಾಗ ಕದ್ದು ಔಷಧಿ ಏರಿಸಿ, ಹಾಲು ಬೆರೆಯದಿರಲೆಂದು ತಾನೇ ಪಟ್ಟಿ ಕಟ್ಟಿ, ಒಡತಿ ಬರುವ ಹೊತ್ತಿಗೆ ಬಿಚ್ಚಿಡುತ್ತಿದ್ದ. ಅವಳೆದುರಿಗೆ ಹಾಲು ಚೆಲ್ಲಲಾಗದೆ ಕ್ಯಾನಿಗೆ ಸುರಿದ.

ಹೆಬ್ಬೆಟ್ಟು ಒತ್ತಿ ಕೇಳಿದ: "ಮಗು?"

"ಜ್ವರ ಇಳೀತಿದೆಯಂತೆ."

ಮುದುಕ ಬಾಗಿಲಾಚೆ ಕೊಟ್ಟಿಗೆಯ ದಿಕ್ಕಿಗೆ ನೋಡಿದ. ಹೆಡ್ಡಮ್ಮ ಜಪ್ತಿ ಪಟ್ಟಿಯನ್ನು ಎಳೆದುಕೊಂಡು, ಟ್ಯೂಬು, ಬಟ್ಟಲುಗಳ ಕೆಳಗೆ ಇನ್ನೊಂದು ಸಾಲು ಬರೆದಳು: ಹಸು, ಒಂದು.

"ಸಾಕ್ಷ್ಯ," ಎಂದಳು, ತಲೆ ಎತ್ತದೆ. "ಕೇಸು ಮುಗಿಯೋವರೆಗೂ ಯಾರೂ ಮಾರೋ ಹಾಗಿಲ್ಲ."

"ಕೇಸು ಯಾವಾಗ ಮುಗಿಯುತ್ತಮ್ಮಾ?"

ರೈಟರ್ ನಗು ತಡೆಯಲು ಕಿಟಕಿಯ ಕಡೆ ತಿರುಗಿಕೊಂಡ.

"ಮುಗಿಯೋಷ್ಟರಲ್ಲಿ ನಿನ್ನ ಹಸುಗೂ ವಯಸ್ಸಾಗಿರುತ್ತೆ, ಮಾವಾ," ಎಂದಳು ಹೆಡ್ಡಮ್ಮ.