ಓದಿದ್ದೇನೆ, ಸರಿಯಾಗಿದೆ

“ಇದ್ಯಾಕ್ರೀ ಎರಡೆರಡು ಎಲ್ಲು? ಬರೀವಾಗ ತೂಕಡಿಸ್ತಿದ್ರಾ?”

ಮಧುಗಿರಿ ಕೋರ್ಟಿನೆದುರಿನ ತನ್ನಪ್ಪನ ಪ್ರೆಸ್ಸಿನಲ್ಲಿ ಶ್ರೀಲತಾ, ಅಂಜನ್ ಕುಮಾರನನ್ನು ಮೊದಲು ಮಾತಾಡಿಸಿದ್ದು ಹೀಗೆ. ಹುಲಿಕುಂಟೆಯ ಅವನು ಲಾ ಕಾಲೇಜಿನ ಪ್ರಾಜೆಕ್ಟ್ ಟೈಪ್ ಮಾಡಿಸಲು ಬಂದಿದ್ದ. ಮೊದಲ ಪುಟದಲ್ಲೇ ಎಲ್‌ಎಲ್.ಬಿ. ಎಂದಿತ್ತು.

“ಲ್ಯಾಟಿನ್ ಕಣ್ರೀ. ಲೆಗಮ್ ಅಂದ್ರೆ ಕಾನೂನುಗಳ. ಒಂದಕ್ಕಿಂತ ಜಾಸ್ತಿ ಇದ್ರೆ ಅಕ್ಷರನ ಜೋಡಿ ಮಾಡ್ತಾರೆ. ಬಿ ಅಂದ್ರೆ ಬ್ಯಾಚುಲರ್.”

“ಬ್ಯಾಚುಲರ್ರಾ?” ಅವಳ ಕಣ್ಣು ಸ್ಕ್ರೀನಿನ ಮೇಲಿತ್ತು, ತುಟಿಯಂಚಿನ ನಗು ಅವನ ಮೇಲೆ.

“ಸದ್ಯಕ್ಕೆ.”

“ಎಲ್‌ಎಲ್.ಎಂ. ಅಂದ್ರೆ?”

“ಮಾಸ್ಟರ್.”

“ಅದು ಮದ್ವೆ ಆದ್ಮೇಲೆ ಹೆಂಡ್ತೀರಿಗೆ ಕೊಡೋ ಡಿಗ್ರಿ ಬುಡಿ.”

ಅಂದಿನಿಂದ ಅವನ ಪ್ರಾಜೆಕ್ಟುಗಳು ವಿನಾಕಾರಣ ಹೆಚ್ಚಾದವು.

ಅವಳಪ್ಪ ಮೂಡಲಗಿರಿಯಪ್ಪ ಮೂವತ್ತು ವರ್ಷದಿಂದ ಊರವರ ಲಗ್ನಪತ್ರಿಕೆ ಅಚ್ಚು ಹಾಕುತ್ತಾ ಬಂದವರು. ಮನೆದೇವರಿಗಿಂತ ಗಂಡಿನ ಡಿಗ್ರಿ ದಪ್ಪಕ್ಷರದಲ್ಲಿರಬೇಕು ಎಂಬುದು ಗಿರಾಕಿಗಳ ಸಂಪ್ರದಾಯ. ಅಚ್ಚಿಗೆ ಮುಂಚೆ ತೆಗೆಯುವ ಪ್ರೂಫಿನ ಮೇಲೆ ಪಾರ್ಟಿಯೇ ‘ಓದಿದ್ದೇನೆ, ಸರಿಯಾಗಿದೆ’ ಎಂದು ಬರೆದು ಸೈನ್ ಹಾಕಬೇಕು ಎಂಬುದು ಅವರ ಸಂವಿಧಾನ. ವರ್ಷ ಕಳೆದು ಅಂಜನ್ ಜೊತೆ ಮಗಳ ಮದುವೆ ಗೊತ್ತಾಗಿ, ಆ ಲಗ್ನಪತ್ರಿಕೆಯ ಸರದಿ ಬಂದಾಗಲೂ ಅವರು ವಿನಾಯಿತಿ ಕೊಡಲಿಲ್ಲ.

ಅಂಜನ್ ಪ್ರೂಫ್ ಹಿಡಿದು ಕುಳಿತ. ತನ್ನ ಹೆಸರಿನ ಮುಂದೆ ಬಿ.ಎ., ಎಲ್‌ಎಲ್.ಬಿ. ಎಂದಿರುವುದನ್ನೇ ಬಹಳ ಹೊತ್ತು ನೋಡಿದ. ಆಮೇಲೆ ಎಲ್‌ಎಲ್.ಬಿ.ಯ ಮೇಲೆ ಗೀಟು ಎಳೆದ.

“ಒಂದು ಪೇಪರ್ ಉಳಿದೈತೆ ಮಾವ. ಫ್ಯಾಮಿಲಿ ಲಾ.”

ಶ್ರೀಲತಾಳ ಕೈ ಕೀಬೋರ್ಡಿನ ಮೇಲೆ ನಿಂತಿತು. “ಎಲ್ಲಾ ಪಾಸು ಅಂದಿದ್ರಲ್ಲ?”

“ಹೇಳಿದ್ರೆ ನೀವು ಬ್ಯಾಡ ಅಂದ್ಬುಟ್ರೆ ಅಂತ…”

ಮೂಡಲಗಿರಿಯಪ್ಪ ಪ್ರೂಫನ್ನು ಮಡಿಸಿ ಡ್ರಾಯರಿಗೆ ಹಾಕಿದರು. “ಅಕ್ಷರ ತಪ್ಪಾದ್ರೆ ತಿದ್ಬೋದು ಕಣಪ್ಪ. ಸುಳ್ಳು ಹೇಳೋನ್ನ ತಿದ್ದೋ ಪೆನ್ನು ನನ್ ತಾವ ಇಲ್ಲ. ನೀನಿನ್ನು ಹೊಂಡು.”

ಶ್ರೀಲತಾ ಬಾಗಿಲವರೆಗೂ ಬಂದಳು. “ಅಪ್ಪನ್ನ ನಾನು ಒಪ್ಪಿಸ್ತೀನಿ. ನೀವು ಫೋನ್ ಮಾತ್ರ ಮಾಡ್ತಿರಿ.”

ಅವನು ತಲೆಯಾಡಿಸಿದ. ಮಾಡಲಿಲ್ಲ. ಅವಳು ಮಾಡಿದಾಗ ಎತ್ತಲೂ ಇಲ್ಲ.

ಹತ್ತು ತಿಂಗಳ ಮೇಲೆ ಒಂದು ಮಧ್ಯಾಹ್ನ ಪ್ರೆಸ್ಸಿನ ಬಾಗಿಲಲ್ಲಿ ಅವನ ನೆರಳು ಬಿತ್ತು. ಕೈಯಲ್ಲಿ ಮಾರ್ಕ್ಸ್ ಕಾರ್ಡು.

“ಪಾಸಾದೆ ಶ್ರೀ! ವಿಸಿಟಿಂಗ್ ಕಾರ್ಡ್ ಮಾಡ್ಕೊಡು. ಈ ಸಲ ಸುಳ್ಳಿಲ್ಲ.”

ಅವಳು ಟೈಪ್ ಮಾಡತೊಡಗಿದಳು. ಅವಳ ಪಕ್ಕದಲ್ಲಿ ಹೊಸ ಲಗ್ನಪತ್ರಿಕೆಗಳ ಕಟ್ಟು. ಮೇಲಿನದರಲ್ಲಿ ಅವಳ ಹೆಸರು. ಗಂಡಿನ ಹೆಸರಿನ ಮುಂದೆ ಎಂ.ಕಾಂ.

ಅಂಜನ್ ಅದನ್ನು ಎರಡು ಸಲ ಓದಿದ. “ಇದು… ಯಾವಾಗ?”

“ಹೋದ್ ವಾರ ಪ್ರೂಫ್ ಓಕೆ ಆಯ್ತು. ನಾನೇ ಸೈನ್ ಹಾಕಿದೆ.”

“ಡಿಗ್ರಿ ಇಲ್ದೆ ಯಾವ ಮುಖ ಇಟ್ಕೊಂಡು ಬರ್ಲಿ ಅಂತ ಸುಮ್ಕಿದ್ದೆ ಕಣೇ.”

“ನಾನೇನು ಯೂನಿವರ್ಸಿಟಿನಾ, ರಿಸಲ್ಟ್ ಬಂದ್ಮೇಲೆ ಬರಕ್ಕೆ? ಫೇಲಾದೆ ಅಂತ ಒಂದ್ ಫೋನ್ ಮಾಡಿದ್ರೆ ಸಾಕಿತ್ತು. ಅಪ್ಪನೂ ಆರು ತಿಂಗ್ಳು ಕಾದ್ರು, ಗೊತ್ತಾ? ಡ್ರಾಯರಲ್ಲಿ ನಿಮ್ಮ ಪ್ರೂಫ್ ಇನ್ನೂ ಐತೆ.”

“ಇನ್ನು ತಿದ್ದಕ್ಕಾಗಲ್ವಾ?”

“ಪತ್ರಿಕೆ ಅರ್ಧ ಹಂಚಾಯ್ತು ಅಂಜನ್.”

ಪ್ರಿಂಟರ್ ಒಂದು ಹಾಳೆ ಉಗುಳಿತು. ಅಂಜನ್ ಕುಮಾರ್, ಬಿ.ಎ., ಎಲ್‌ಎಲ್.ಬಿ. ದಪ್ಪಕ್ಷರದಲ್ಲೇ ಹಾಕಿದ್ದಳು. ಹಾಳೆಯನ್ನು ಅವನ ಮುಂದಿಟ್ಟು, ಅದರ ಮೇಲೆ ಪೆನ್ನಿಟ್ಟಳು.

“ನಮ್ಮ ರೂಲ್ಸ್ ಗೊತ್ತಲ್ಲ.”

ಅವನು ‘ಓದಿದ್ದೇನೆ’ ಎಂದು ಬರೆದ. ಮುಂದಿನ ಪದಕ್ಕೆ ಕೈ ಏಳಲಿಲ್ಲ.

ಶ್ರೀಲತಾ ಮೆಲ್ಲಗೆ ಅವನ ಬೆರಳುಗಳಿಂದ ಪೆನ್ನು ಬಿಡಿಸಿಕೊಂಡು, ಉಳಿದದ್ದನ್ನು ತಾನೇ ಬರೆದಳು.